ಕಿರುಬೆರಳಿಗೆ ಇಂಕು ತಾಗುವುದಿಲ್ಲ

ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಾನು ಮಧುಗಿರಿಯ ನೋಂದಣಿ ಕಚೇರಿಯ ಮೆಟ್ಟಿಲುಗಳಲ್ಲಿ, ಕೆಳಗಿನಿಂದ ಮೂರನೆಯದರ ಮೇಲೆ, ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿದ್ದೆ. ಅದು ಆಷಾಢ ಕಳೆದು ಬಂದ ಮೊದಲ ಸೋಮವಾರ. ಆಷಾಢದಲ್ಲಿ ನಮ್ಮ ಕಡೆ ಯಾರೂ ಕ್ರಯ ಮಾಡಿಸುವುದಿಲ್ಲ. ಒಂದು ತಿಂಗಳು ತಡೆದು ಕೂತ ಜನವೆಲ್ಲ ಆ ದಿನ ಒಟ್ಟಿಗೆ ಬರುತ್ತಾರೆ. ನನ್ನ ಎಡ ಕಂಕುಳಲ್ಲಿ ನಾಲ್ಕು ಪತ್ರಗಳಿದ್ದವು, ಬಲಗೈಯಲ್ಲಿ ಪೆನ್ನಿತ್ತು. ಮೇಲಿನಿಂದ ಯಾರೋ ನನ್ನ ಹೆಸರು ಕೂಗಿದರು. ಬೆಳಗಿನ ತುಂತುರಿಗೆ ಮೆಟ್ಟಿಲು ಇನ್ನೂ ಒದ್ದೆಯಾಗಿತ್ತು. ತಿರುಗಿದೆ, ಜಾರಿದೆ, ಬಲಗೈ ಊರಿದೆ. ಕೈ ಮೊದಲು ನೆಲ ಮುಟ್ಟಿತು, ಅದರ ಮೇಲೆ ನಾನು ಬಿದ್ದೆ. ಒಣಗಿದ ತೊಗರಿ ಕಡ್ಡಿ ಮುರಿದಂಥ ಸದ್ದು ಎರಡು ಸಲ ಕೇಳಿಸಿತು. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಬಾಗಬಾರದ ಜಾಗದಲ್ಲಿ, ಕೈ ಬಾಗಿತ್ತು.

ನಾನು ಪತ್ರ ಬರಹಗಾರ. ಹೆಸರು ಹನುಮಂತರಾಯಪ್ಪ. ಅಂದಿಗೆ ಇಪ್ಪತ್ತಾರು ವರ್ಷದಿಂದ ಅದೇ ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ, ಉಯಿಲು ಬರೆಯುತ್ತಿದ್ದೆ. ಈಗ ಎಲ್ಲ ಕಂಪ್ಯೂಟರಿಗೆ ಹೋಗುತ್ತದೆ. ಆದರೂ ಮೊದಲ ಕರಡನ್ನು ನಾನು ಕೈಯಲ್ಲೇ ಬರೆಯುತ್ತಿದ್ದೆ. ಪಕ್ಕದ ಮೇಜಿನ ಅನ್ವರ್ ಪಾಷಾ ಅದನ್ನು ಟೈಪ್ ಮಾಡುತ್ತಿದ್ದ. ಅವನು ಶಿರಾದವನು, ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಸಹಿ ಬಾರದವರು ಬಂದರೆ ಅವರ ಎಡಗೈ ಹೆಬ್ಬೆರಳನ್ನು ನನ್ನ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಪ್ಯಾಡಿನ ಮೇಲೆ ಹೊರಳಿಸಿ, ಹಾಳೆಯ ಮೇಲೆ ಒತ್ತಿಸುವುದೂ ನನ್ನದೇ ಕೆಲಸ. ಅದರಿಂದಾಗಿ ಆ ಎರಡು ಬೆರಳಿನ ತುದಿ ಉಗುರಿನವರೆಗೂ ಸದಾ ನೀಲಿ. ತೊಳೆದರೂ ಹೋಗುತ್ತಿರಲಿಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರು. ಅಲ್ಲಿಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಎರಡೂ ಮೂಳೆ ಹೋಗಿದಾವೆ. ತುಮಕೂರಿಗೆ ಹೋಗಿ, ಪ್ಲೇಟ್ ಹಾಕ್ತಾರೆ. ಇವತ್ತೇ ಹೋಗಿ" ಎಂದರು. ಕೈ ಅಲುಗದಂತೆ ಅರ್ಧ ಪಟ್ಟಿ ಹಾಕಿ, ಕುತ್ತಿಗೆಗೆ ಬಟ್ಟೆ ಕಟ್ಟಿ ಕಳಿಸಿದರು. ಅವರು ಮಾಡಬೇಕಾದ್ದನ್ನು ಅವರು ಮಾಡಿದರು.

ಹೊರಗೆ ಬೆಂಚಿನ ಮೇಲೆ ನನ್ನ ಹೆಂಡತಿ ಲಲಿತಮ್ಮನೂ ಅವಳ ಅಣ್ಣ ವೆಂಕಟರವಣಪ್ಪನೂ ಕೂತಿದ್ದರು. ವೆಂಕಟರವಣಪ್ಪ ವೈ.ಎನ್. ಹೊಸಕೋಟೆ ಹತ್ತಿರದ ಹಳ್ಳಿಯವನು, ಕಡಲೆಕಾಯಿ ಬೆಳೆಯುವವನು. ಆ ದಿನ ಮೋಟಾರಿನ ಸಾಮಾನಿಗೆಂದು ಮಧುಗಿರಿಗೆ ಬಂದಿದ್ದ. ಸುದ್ದಿ ಕೇಳಿ ಓಡಿ ಬಂದಿದ್ದ. ಅವನಿಗೆ ಓದು ಬರಹ ಬಾರದು, ಆದರೆ ಮಾತಿಗೆ ಕಡಿಮೆಯಿಲ್ಲ. ಅಂಗಿ ತೋಳು ಮಡಿಸಿ ತನ್ನ ಎಡಗೈಯನ್ನು ನನ್ನ ಮುಖದ ಮುಂದೆ ಹಿಡಿದ.

"ನೋಡು ಬಾವ. ಹುಣಸೆ ಮರದಿಂದ ಬಿದ್ದು ಮುರ್ಕೊಂಡಿದ್ದು. ನಮ್ ಕಡೆ ಮೂಳೆ ಕಟ್ಟೋ ಆಯಪ್ಪ ಕಟ್ಟಿದ, ಇಪ್ಪತ್ತೊಂದೇ ದಿನ. ಇವತ್ತು ಇದೇ ಕೈಯಾಗೆ ಮೂಟೆ ಎತ್ತಾಕ್ತೀನಿ. ಎಲ್ಲಾನ ಸೊಟ್ಟ ಐತಾ ತೋರ್ಸು."

ಸೊಟ್ಟ ಇರಲಿಲ್ಲ.

"ಡಾಕ್ಟ್ರು ತುಮಕೂರಿಗೆ ಹೋಗಿ ಅಂದವ್ರೆ" ಎಂದಳು ಲಲಿತಮ್ಮ.

"ಅವ್ರಿನ್ನೇನಂತಾರೆ? ಕೊಯ್ದು ಕಬ್ಬಿಣ ಇಕ್ತಾರೆ. ಬರಿಯೋ ಕೈ ಕಣಮ್ಮ ಅದು. ಕಬ್ಬಿಣ ಇಟ್ಕಂಡು ಬರೆಯಾಕಾಗ್ತದಾ?"

ಒಪ್ಪಿದ್ದು ನಾನು. ನನ್ನನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ಕತ್ತಿಗೆ ಹೆದರಿದೆ. ಇಪ್ಪತ್ತೊಂದು ದಿನ ಎಂಬ ಮಾತು ಹಿತವಾಗಿತ್ತು, ಏಕೆಂದರೆ ಮೇಜಿನ ಮುಂದೆ ಒಂದು ತಿಂಗಳ ಜನ ಕಾಯುತ್ತಿದ್ದರು. ಅವನ ಕೈಯೂ ನೇರವಾಗಿತ್ತು. "ನಡಿ" ಎಂದೆ.

ಮೂಳೆ ಕಟ್ಟುವವನ ಊರು ಪಾವಗಡದಿಂದಾಚೆ, ಗಡಿಗೆ ಹತ್ತಿರ. ಊರಿನ ಹೆಸರನ್ನೂ ಅವನ ಹೆಸರನ್ನೂ ಬರೆಯುವುದಿಲ್ಲ. ನಾವು ತಲುಪಿದಾಗ ಸಂಜೆ ಐದಾಗಿತ್ತು. ಅವನು ಒರಟನಲ್ಲ, ದುರಾಸೆಯವನೂ ಅಲ್ಲ. ಪಟ್ಟಿ ಬಿಚ್ಚಿ, ಬಿಸಿನೀರಿನಲ್ಲಿ ನನ್ನ ಕೈಯನ್ನು ಮಗುವಿನ ಕೈ ತೊಳೆದಂತೆ ತೊಳೆದ. ಹೆಬ್ಬೆರಳಿನ ನೀಲಿಯನ್ನು ಉಜ್ಜಿ ನೋಡಿದ, ಹೋಗಲಿಲ್ಲ.

"ಏಮಿದಿ, ಇಂಕಾ?" ಎಂದು ಇದೇನೆಂದು ತೆಲುಗಿನಲ್ಲಿ ಕೇಳಿ ನಕ್ಕ.

"ಪತ್ರ ಬರೀತಾರೆ, ಅದ್ಕೇ" ಎಂದ ವೆಂಕಟರವಣಪ್ಪ.

ಇಬ್ಬರು ಹಿಡಿದುಕೊಂಡರು, ಅವನು ಎಳೆದ. ಆಮೇಲೆ ಸೊಪ್ಪು, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಕಲಸಿದ ಲೇಪ ಬಳಿದು, ಬಟ್ಟೆ ಸುತ್ತಿ, ಸುತ್ತಲೂ ಆರು ಬಿದಿರು ಪಟ್ಟಿ ನಿಲ್ಲಿಸಿ ಹುರಿಯಿಂದ ಬಿಗಿದ. ಲೇಪ ಒಣಗುತ್ತ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತ ಕುಗ್ಗುತ್ತದೆ. ಮುರಿದ ಕೈ ಒಳಗಿನಿಂದ ಊದುತ್ತದೆ. ಇವೆರಡನ್ನೂ ಒಟ್ಟಿಗೆ ಯೋಚಿಸುವ ತಲೆ ಆ ಸಂಜೆ ನಮ್ಮ ನಾಲ್ವರಲ್ಲಿ ಯಾರಿಗೂ ಇರಲಿಲ್ಲ.

ಅವನು ಕಟ್ಟಳೆ ಹೇಳಿದ. "ಇಪ್ಪತ್ತೊಂದು ದಿನ. ಅದುವರ್ಗೂ ಇನ್ನೊಬ್ರ ಚೆಯ್ಯಿ ಇದಕ್ಕೆ ತಗಲಕೂಡ್ದು. ನೊಪ್ಪಿ ಬತ್ತದೆ, ಬರ್ಲಿ. ನೊಪ್ಪಿ ಬಂದ್ರೆ ಎಮಿಕೆ ಅತ್ಕೋತಾ ಐತೆ ಅಂತ." ಇನ್ನೊಬ್ಬರ ಕೈ ತಾಗಬಾರದು, ನೋವು ಬಂದರೆ ಮೂಳೆ ಕೂಡುತ್ತಿದೆ ಎಂದರ್ಥ. ಮೂರು ದಿನ ಬಸ್ಸಿನ ಕುಲುಕಾಟ ಬೇಡ ಎಂದೂ ಹೇಳಿದ. ಹಾಗಾಗಿ ನಾವು ಮಧುಗಿರಿಗೆ ಮರಳದೆ ವೆಂಕಟರವಣಪ್ಪನ ಮನೆಯಲ್ಲೇ ಉಳಿದೆವು.

ಮಂಗಳವಾರ ಬೆಳಿಗ್ಗೆ ನೋವು ಬೇರೆ ಥರ ಇತ್ತು. ಮುರಿದ ಜಾಗದ ನೋವನ್ನು ನಾನು ಆಗಲೇ ಗುರುತು ಹಿಡಿದಿದ್ದೆ. ಇದು ಇಡೀ ಮುಂಗೈ ತುಂಬಿಕೊಂಡು, ಹೊರಬರಲು ದಾರಿ ಹುಡುಕುವ ನೋವು. ಬೆರಳನ್ನು ಒಂದಿಷ್ಟು ನೆಟ್ಟಗೆ ಮಾಡಿದರೂ ಕೂಗಬೇಕೆನಿಸುತ್ತಿತ್ತು. ನಾನು ಜಗುಲಿಯ ಮಂಚದ ಮೇಲೆ ಮಲಗಿದ್ದೆ. ಲಲಿತಮ್ಮ ಗಂಜಿ ತಂದವಳು ಕಟ್ಟಿನಾಚೆ ಕಾಣುವ ಬೆರಳುಗಳನ್ನು ನೋಡಿ ನಿಂತಳು.

"ಬೆರಳು ನೀಲಿಯಾಗಿದೆ ಕಣ್ರೀ."

"ಇಂಕು ಕಣೇ, ಬುಡು. ಇಪ್ಪತ್ತಾರು ವರ್ಷದ್ದು" ಎಂದೆ.

ಈ ಮಾತು ನಾನೇ ಆಡಿದ್ದು. ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ. ಆಮೇಲೆ ಅವಳು ಅರ್ಧ ನಿಂಬೆಹಣ್ಣಿಗೆ ಅಡುಗೆ ಸೋಡ ಹಚ್ಚಿ ನನ್ನ ಬೆರಳ ತುದಿಗಳನ್ನು ಉಜ್ಜಿದಳು. ಹೋಗಲಿಲ್ಲ. "ಹಟಮಾರಿ ಇಂಕು" ಎಂದಳು. ನಾವಿಬ್ಬರೂ ನಕ್ಕೆವು.

ಬುಧವಾರದ ಹೊತ್ತಿಗೆ ನಗು ಇರಲಿಲ್ಲ. ಬಿಚ್ಚಿ ಎಂದು ಬೆಳಿಗ್ಗೆಯಿಂದ ಕೇಳತೊಡಗಿದೆ. ಮೊದಲು ಹೇಳಿದೆ, ಆಮೇಲೆ ಬೇಡಿದೆ, ಆಮೇಲೆ ಬೈದೆ. ವೆಂಕಟರವಣಪ್ಪ ಮಂಚದ ಪಕ್ಕ ಕಡಲೆಕಾಯಿ ಬಿಡಿಸುತ್ತ ಕೂತಿದ್ದ.

"ಏಂ ಕಾದು ಬಾವ. ಏನೂ ಆಗಾಕಿಲ್ಲ. ನೊಪ್ಪಿ ಜಾಸ್ತಿ ಆದಷ್ಟೂ ಜಲ್ದಿ ಕೂಡ್ತದೆ."

"ಬೆರಳು ನೋಡ್ಲಾ. ನೀಲಿ ಆಗ್ಬುಟ್ಟದೆ."

"ನೀನೇ ಅಲ್ವಾ ನೆನ್ನೆ ಇಂಕು ಅಂದಿದ್ದು? ಇವತ್ತು ಬ್ಯಾರೆ ಮಾತಾಡ್ತೀಯ. ದಿನಾ ಸಾಕ್ಷಿ ಬರ್ಸೋನು ನೀನು. ಹಿಂಗೆ ಮಾತು ಬದ್ಲಾಯಿಸಿದ್ರೆ ಹೆಂಗೆ?"

ಮಧ್ಯಾಹ್ನದ ಹೊತ್ತಿಗೆ ನಾನು ಹುರಿಯನ್ನು ಹಲ್ಲಿನಿಂದ ಕಚ್ಚಿ ಎಳೆಯತೊಡಗಿದೆ. ಎಡಗೈಯಿಂದ ಬಿದಿರಿನ ಪಟ್ಟಿ ಕೀಳಲು ನೋಡಿದೆ. ವೆಂಕಟರವಣಪ್ಪ ಎದ್ದು ನನ್ನ ಎಡಗೈ ಹಿಡಿದು, ಹೆಗಲ ಮೇಲಿನ ಟವೆಲಿನಿಂದ ಅದನ್ನು ಮಂಚದ ಕಾಲಿಗೆ ಕಟ್ಟಿದ. ಎರಡು ಗಂಟು ಹಾಕಿದ. ಕಾಲು ಝಾಡಿಸಿದೆ. "ಕಾಲು ಹಿಡ್ಕಳೇ" ಎಂದ. ಲಲಿತಮ್ಮ ಹಿಡಿದುಕೊಂಡಳು. ಅವಳು ಅಳುತ್ತಿದ್ದಳು, ಆದರೂ ಬಿಡಲಿಲ್ಲ. ನಾನು ಅವಳಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಅವಳಿಗೆ ನೆನಪಿವೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಏನಾಯ್ತಕ್ಕ, ಹಿಂಗೆ ಅರಚ್ತಾವ್ರೆ?" ಎಂದಳು.

"ಪ್ಯಾಟೆ ಕೈ ಕಣಮ್ಮ, ಪೆನ್ನು ಬುಟ್ಟು ಏನೂ ಎತ್ತಿಲ್ಲ. ನೋವು ತಡಿಯಾಕಾಗಾಕಿಲ್ಲ" ಎಂದ ವೆಂಕಟರವಣಪ್ಪ. ಅವಳು ನಕ್ಕು ಹೋದಳು.

ಆಗ ನನ್ನ ಅತ್ತೆ ನಾಗಮ್ಮ ಗೋಡೆ ತಡವರಿಸುತ್ತ ಹೊರಗೆ ಬಂದರು. ಎರಡೂ ಕಣ್ಣಿಗೆ ಪೊರೆ ಬಂದು ಅವರಿಗೆ ಬೆಳಕಿಗಿಂತ ಹೆಚ್ಚೇನೂ ಕಾಣುತ್ತಿರಲಿಲ್ಲ. ಮಂಚದ ಅಂಚಿಗೆ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಕಿರುಬೆರಳಿನಿಂದ ಶುರುಮಾಡಿ ಹೆಬ್ಬೆರಳಿನವರೆಗೆ. ಆಮೇಲೆ ಟವೆಲು ಕಟ್ಟಿದ್ದ ಎಡಗೈ ಬೆರಳುಗಳನ್ನು ಮುಟ್ಟಿದರು.

"ಈ ಕೈ ಬೆಚ್ಚಗೈತೆ. ಆ ಕೈ ಬಾವಿ ನೀರಂಗೈತೆ. ಬಿಚ್ರೋ."

"ಊರ್ಕೋ ಅಮ್ಮ, ಸುಮ್ಕಿರು. ನಿಂಗೆ ಕಣ್ಣೇ ಕಾಣಾಕಿಲ್ಲ" ಎಂದ ಮಗ.

"ಕಣ್ಣು ಕಾಣಾಕಿಲ್ಲ ಕಣ್ಲಾ. ತಣ್ಣಗಿರೋದು ಗೊತ್ತಾಗಾಕಿಲ್ವಾ?"

ಅವರನ್ನು ಒಳಗೆ ಕರೆದುಕೊಂಡು ಹೋದರು.

ಸಂಜೆ ಆರರ ಸುಮಾರಿಗೆ ನೋವು ನಿಂತಿತು. ಕಡಿಮೆಯಾಗುತ್ತ ಬರಲಿಲ್ಲ, ನಿಂತಿತು. ಬಲಗೈ ಎಂಬುದು ಅಲ್ಲಿ ಇದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ನಾನು ಸುಮ್ಮನಾದದ್ದು ನೋಡಿ ವೆಂಕಟರವಣಪ್ಪ ಟವೆಲು ಬಿಚ್ಚಿದ. "ನೋಡ್ದಾ? ಕೂಡ್ಕಂತು" ಎಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ನನಗೂ ಇತ್ತು. ಲಲಿತಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು, ಎಡಗೈಯಲ್ಲಿ ಉಂಡೆ. ಮೂರು ದಿನದಲ್ಲಿ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದೆ. ಕೈ ಸತ್ತದ್ದರಿಂದಲೇ ನೋವು ನಿಂತಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಕೈ ಸತ್ತ ಸಂಜೆ ನಾನು ಎರಡು ಮುದ್ದೆ ಉಂಡೆ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅನ್ವರ್ ಬಂದ. ಶಿರಾದಿಂದ ಬೈಕಿನಲ್ಲಿ, ಎರಡೂವರೆ ಗಂಟೆ ದಾರಿ. ನನ್ನ ಮೇಜಿನ ಸೀಲು ಯಾವ ಡ್ರಾಯರಿನಲ್ಲಿದೆ ಎಂದು ಕೇಳುವ ನೆಪ, ನೋಡಿ ಹೋಗುವುದು ಉದ್ದೇಶ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಇತ್ತು.

"ಏನ್ ರಾಯಪ್ಪಣ್ಣ, ಆಷಾಢ ಮುಗೀತಿದ್ದಂಗೆ ರಜೆ ಹಾಕ್ಬುಟ್ರಿ" ಎನ್ನುತ್ತ ಮಂಚದ ಹತ್ತಿರ ಬಂದವನು ನನ್ನ ಕೈ ನೋಡಿ ಪೊಟ್ಟಣವನ್ನು ನೆಲಕ್ಕಿಟ್ಟ.

"ಇದೇನಿದು?"

"ಇಂಕು" ಎಂದಳು ಲಲಿತಮ್ಮ.

ಅನ್ವರ್ ಬಗ್ಗಿ ನೋಡಿದ. ಪ್ಯಾಡಿಗೆ ಇಂಕು ಹಾಕುವವನು ಅವನೇ. "ನಮ್ಮ ಇಂಕು ಹೆಬ್ಬೆಟ್ಟಿಗೆ ತಾಗ್ತದೆ, ತೋರುಬೆರಳಿಗೆ ತಾಗ್ತದೆ. ಒಂದೊಂದ್ ಸಲ ನಡು ಬೆರಳಿಗೆ" ಎಂದ ನಿಧಾನವಾಗಿ. "ಕಿರುಬೆರಳಿಗೆ ಹೆಂಗ್ ಬಂತು ಅಕ್ಕ?"

ನಾನು ನನ್ನ ಕಿರುಬೆರಳು ನೋಡಿದೆ. ಅದು ಉಳಿದ ನಾಲ್ಕಕ್ಕಿಂತ ಹೆಚ್ಚು ನೀಲಿಯಾಗಿತ್ತು. ಪತ್ರದಲ್ಲಿ ಒಂದು ಗುಂಟೆ ಹೆಚ್ಚುಕಡಿಮೆಯಾದರೆ ಹಿಡಿಯುವ ಕಣ್ಣು ನನ್ನದು. ಇಪ್ಪತ್ತಾರು ವರ್ಷ ಆ ಬೆರಳನ್ನು ಪ್ಯಾಡಿಗೆ ತಾಗದಂತೆ ಮೇಲೆತ್ತಿ ಹಿಡಿದವನೂ ನಾನೇ. ಎರಡು ಹಗಲು ಅದು ನನ್ನ ಕಣ್ಣೆದುರಿಗಿತ್ತು.

"ಕತ್ರಿ ಕೊಡಿ" ಎಂದ ಅನ್ವರ್.

ವೆಂಕಟರವಣಪ್ಪ ಅಡ್ಡ ಬಂದ. "ಮುಟ್ಬೇಡ. ಇಪ್ಪತ್ತೊಂದು ದಿನ ಇನ್ನೊಬ್ರ ಕೈ ತಗಲಕೂಡ್ದು. ಮೂಳೆ ಹೋದ್ರೆ ನೀನು ಹೊಣೆನಾ?"

"ನಾನೇ ಹೊಣೆ. ಬರ್ಕೊಡ್ಲಾ? ಕಾಗ್ದ ಜೇಬಲ್ಲೇ ಐತೆ."

ಆಗ ಅತ್ತೆ ಒಳಗಿನಿಂದ ಬಂದು, ತಮ್ಮ ಎಲೆಅಡಿಕೆ ಸಂಚಿಯಲ್ಲಿ ಕೈಯಾಡಿಸಿ, ಅಡಕತ್ತರಿ ತೆಗೆದು ಗಾಳಿಯಲ್ಲಿ ಚಾಚಿದರು. ಯಾರ ಕಡೆ ಚಾಚಬೇಕೆಂದು ಅವರಿಗೆ ಕಾಣುತ್ತಿರಲಿಲ್ಲ. ಅನ್ವರ್ ತೆಗೆದುಕೊಂಡ. ಹುರಿಯನ್ನು ಒಂದೊಂದಾಗಿ ಕತ್ತರಿಸಿದ. ಕೊನೆಯದು ತುಂಡಾದಾಗ ಬಿದಿರು ಪಟ್ಟಿಗಳು ತಾವಾಗಿಯೇ ಅಗಲವಾಗಿ ಬಿದ್ದವು. ಒಳಗಿನ ಚರ್ಮದ ಮೇಲೆ ಆರು ಗೆರೆ, ಗೆರೆಗಳ ನಡುವೆ ನೀರು ತುಂಬಿದ ಬೊಬ್ಬೆ. ವಾಸನೆ ಬಂತು. ವೆಂಕಟರವಣಪ್ಪ ಜಗುಲಿಯಿಂದ ಇಳಿದು ಬೀದಿಗೆ ಹೋಗಿ ನಿಂತ.

ತುಮಕೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತಮ್ಮ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು ತೋರಿಸಿದರು. ಉಗುರು ಬಿಳಿಯಾಯಿತು, ಒಂದು, ಎರಡು ಎನ್ನುವಷ್ಟರಲ್ಲಿ ಮತ್ತೆ ಕೆಂಪಾಯಿತು. "ರಕ್ತ ಓಡ್ತಿದ್ರೆ ಹೀಗೆ" ಎಂದರು. ನನ್ನದನ್ನು ಒತ್ತಿದರು. ಹತ್ತರವರೆಗೆ ಎಣಿಸಿದರು. ಆಮೇಲೆ ಎಣಿಸಲಿಲ್ಲ.

"ಯಾವಾಗ ಕಟ್ಟಿದ್ದು?"

"ಸೋಮವಾರ ಸಂಜೆ ಐದಕ್ಕೆ. ನೀಲಿ ಕಂಡದ್ದು ಮಂಗಳವಾರ ಎಂಟಕ್ಕೆ. ನೋವು ನಿಂತದ್ದು ಬುಧವಾರ ಆರಕ್ಕೆ."

ಅವರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದರು. "ಇಷ್ಟು ಸರಿಯಾಗಿ ಹೇಳ್ತೀರಲ್ಲ. ಮತ್ತೆ ಯಾಕ್ರೀ ಕಾದ್ರಿ?" ಎಂದರು. ಬೈಗುಳವಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ಲಲಿತಮ್ಮ ಗೋಡೆ ಕಡೆ ತಿರುಗಿದಳು.

ಮುಂಗೈ ಕೊಯ್ದು ತೆರೆಯಬೇಕು, ಒಳಗೆ ಸತ್ತದ್ದನ್ನು ತೆಗೆಯಬೇಕು, ಅಗತ್ಯವಾದರೆ ಕೈಯನ್ನೇ ತೆಗೆಯಬೇಕಾಗಬಹುದು. ಇದಕ್ಕೆ ಒಪ್ಪಿಗೆ ಎಂದು ನರ್ಸು ಒಂದು ಹಾಳೆ ತಂದಳು. ಪೆನ್ನು ಕೊಟ್ಟವಳು ನನ್ನ ಕೈ ನೋಡಿ ಪೆನ್ನು ವಾಪಸು ಜೇಬಿಗೆ ಸಿಕ್ಕಿಸಿಕೊಂಡಳು. "ಹೆಬ್ಬೆಟ್ಟು ಒತ್ತಿ, ಅಪ್ಪ" ಎಂದು ನನ್ನ ಎಡಗೈ ಹಿಡಿದು ಪ್ಯಾಡಿನ ಮೇಲೆ ಕುಟ್ಟಿದಳು.

"ಕುಟ್ಟಬಾರದು, ಹೊರಳಿಸಬೇಕು. ಪಕ್ಕದಲ್ಲಿ ಗುರುತಿಸಿದವರ ಸಹಿ ಬೇಕು" ಎಂದೆ.

"ಏನ್ ಕೆಲ್ಸ ಮಾಡ್ತೀರ?"

ಹೇಳಿದೆ. ಅವಳು ಮತ್ತೇನೂ ಕೇಳದೆ ನಾನು ಹೇಳಿದಂತೆ ಹೊರಳಿಸಿದಳು. ಎಷ್ಟೋ ಜನರ ಹೆಬ್ಬೆರಳನ್ನು ಹಿಡಿದ ನನಗೆ, ಹಿಡಿಸಿಕೊಂಡವರಿಗೆ ಹೇಗೆ ಅನಿಸುತ್ತದೆ ಎಂದು ಅಂದು ತಿಳಿಯಿತು. ಬೆರಳು ನಮ್ಮದಲ್ಲ ಎನಿಸುತ್ತದೆ.

ಮೂರು ಸಲ ಒಳಗೆ ಕರೆದುಕೊಂಡು ಹೋದರು. ಪ್ರತಿ ಸಲ ಎಚ್ಚರವಾದಾಗಲೂ ಮೊದಲು ಮಾಡಿದ ಕೆಲಸ ಬಲಗಡೆ ನೋಡಿದ್ದು. ಮೂರು ಸಲವೂ ಕೈ ಇತ್ತು. ಆದರೆ ಒಳಗಿನ ಮಾಂಸದಲ್ಲಿ ಬಹುಪಾಲು ಇರಲಿಲ್ಲ. "ಕೈ ಉಳಿದಿದೆ, ಕೆಲಸ ಎಷ್ಟು ಉಳಿದಿದೆ ಅನ್ನೋದು ಆರು ತಿಂಗಳ ಮೇಲೆ ಹೇಳ್ತೀನಿ" ಎಂದರು ಡಾಕ್ಟರಮ್ಮ. ಒಂದು ದಿನ ಅವರು ನಾಲ್ಕಾರು ವಿದ್ಯಾರ್ಥಿಗಳನ್ನು ಕರೆತಂದು ನನ್ನ ಬ್ಯಾಂಡೇಜು ಬಿಚ್ಚಿ ತೋರಿಸಿದರು. ವಿದ್ಯಾರ್ಥಿಗಳು ನನ್ನ ಕೈ ನೋಡಿದರು. ಮುಖ ನೋಡಿದವಳು ಒಬ್ಬಳೇ. ಅವಳು ಹೋಗುವಾಗ ಹೊದಿಕೆಯನ್ನು ನನ್ನ ಕಾಲಿನವರೆಗೆ ಎಳೆದು ಹೋದಳು. ಕಾಲು ತಣ್ಣಗಾಗಿತ್ತೆಂದು ಅವಳಿಗೆ ಹೇಗೆ ತಿಳಿಯಿತೋ.

ವಾರಗಳು ಕಳೆದಂತೆ ಬೆರಳುಗಳು ತಾವಾಗಿಯೇ ಒಳಗೆ ಮಡಚಿಕೊಂಡವು. ಬಿಡಿಸಲು ಬಾರವು. ಮಣಿಕಟ್ಟನ್ನು ಕೆಳಗೆ ಬಗ್ಗಿಸಿದರೆ ಬೆರಳು ಒಂದಿಷ್ಟು ತೆರೆಯುತ್ತವೆ, ಮೇಲೆತ್ತಿದರೆ ಮುಚ್ಚಿಕೊಳ್ಳುತ್ತವೆ. ಈಗಲೂ ನನಗೆ ಉಳಿದಿರುವುದು ಅಷ್ಟೇ.

ವ್ಯಾಯಾಮ ಮಾಡಿಸುವ ಕೋಣೆಯ ಹೊರಗೆ ಒಂದು ಉದ್ದ ಬೆಂಚು. ಅಲ್ಲಿ ಕೈಯವರೆಲ್ಲ ಕೂರುತ್ತಿದ್ದೆವು: ಮಣಿಕಟ್ಟು ಮುರಿದವರು, ಬೆರಳು ಜೋಮು ಹಿಡಿದವರು, ಯಂತ್ರಕ್ಕೆ ಸಿಕ್ಕವರು. ನನ್ನ ಪಕ್ಕ ಕೂರುತ್ತಿದ್ದವಳು ಕೊರಟಗೆರೆಯ ಪುಟ್ಟತಾಯಮ್ಮ. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು, ಪ್ಲಾಸ್ಟರ್ ಬಿಚ್ಚಿಸಿಕೊಂಡು ಬರುತ್ತಿದ್ದಳು. ಮೊದಲ ದಿನವೇ ನನ್ನ ಕೈಯನ್ನು ತಿರುಗಿಸಿ ನೋಡಿ, "ಕೋಳಿ ಕಾಲಾಗದೆ" ಎಂದಳು.

ಅಷ್ಟು ದಿನದಲ್ಲಿ ನನಗೆ ಯಾರೂ ಇದ್ದದ್ದನ್ನು ಇದ್ದಂತೆ ಹೇಳಿರಲಿಲ್ಲ. ನನಗೆ ಅಳು ಬಂತು.

"ಅತ್ರೆ ನೆಟ್ಟಗಾಗದಾ? ತಗೋ" ಎಂದು ಸೆರಗಿನ ಗಂಟಿನಿಂದ ಹುರಿದ ಕಡಲೆಕಾಯಿ ತೆಗೆದು ನನ್ನ ಮಡಿಲಿಗೆ ಸುರಿದಳು. "ಅದೇ ಕೈಯಾಗೆ ಬುಡಿಸ್ಕಂಡು ತಿನ್ನು. ಬುಡಿಸ್ದಿದ್ರೆ ತಿನ್ಬ್ಯಾಡ."

ಒಳಗೆ ಸ್ಪಂಜಿನ ಚೆಂಡು ಕೊಟ್ಟಿದ್ದರು. ಅದನ್ನು ಅಮುಕಿದರೆ ಏನೂ ಸಿಗುತ್ತಿರಲಿಲ್ಲ. ಮೊದಲ ಕಡಲೆಕಾಯಿಗೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಪುಟ್ಟತಾಯಮ್ಮ ಉಳಿದದ್ದನ್ನೆಲ್ಲ ತಿಂದು ಮುಗಿಸಿದ್ದಳು. "ನಿಂಗೆ ಕಾಯ್ತಾ ಕೂತ್ರೆ ಬೂಷ್ಟು ಹಿಡೀತದೆ" ಎಂದಳು. ಅವಳು ಬರುವುದು ನಿಲ್ಲುವವರೆಗೆ ವಾರಕ್ಕೆರಡು ದಿನ ನಾನು ತುಮಕೂರಿಗೆ ಹೋಗುತ್ತಿದ್ದದ್ದು ಆ ಕಡಲೆಕಾಯಿಗಾಗಿ.

ಎಂಟು ತಿಂಗಳ ಮೇಲೆ ಹೊಂಗೆ ಮರದ ಕೆಳಗೆ ಮತ್ತೆ ಮೇಜು ಹಾಕಿದೆ. ನಾನು ಬಾಯಲ್ಲಿ ಹೇಳುತ್ತೇನೆ, ಅನ್ವರ್ ಟೈಪ್ ಮಾಡುತ್ತಾನೆ. ಎಡಗೈಯಲ್ಲಿ ಬರೆಯುವುದನ್ನು ಕಲಿತೆ. ಒಂದನೇ ತರಗತಿಯ ಮಗುವಿನ ಅಕ್ಷರ. ಮೊದಲ ವಾರವೇ ಒಬ್ಬ ಕೊಳ್ಳುವವನು ನಾನು ಎಡಗೈಯಲ್ಲಿ ಸರ್ವೆ ನಂಬರು ಬರೆಯುವುದನ್ನು ನೋಡಿ ಎದ್ದ. "ಒಳ್ಳೇ ಕೆಲ್ಸಕ್ಕೆ ಬಂದಿದೀವಿ ಸ್ವಾಮಿ, ಎಡಗೈನಲ್ಲಿ ಬರೀತೀರಲ್ಲ" ಎಂದು ಕಾಗದಗಳನ್ನು ನನ್ನ ಕೈ ಕೆಳಗಿನಿಂದ ಎಳೆದುಕೊಂಡು ಮೂರನೇ ಮೇಜಿಗೆ ಹೋದ. ಅವನ ಅಪ್ಪನ ಉಯಿಲು ಬರೆದವನು ನಾನು.

ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಹೊಸಕೋಟೆ ಕಡೆಯಿಂದ ಬಂದ ಜನ ನನ್ನ ಕೈ ನೋಡಿ, "ಕಟ್ಟು ಬಿಚ್ಚಿಬುಟ್ರಂತಲ್ಲ" ಎನ್ನುತ್ತಿದ್ದರು. ವೆಂಕಟರವಣಪ್ಪ ಎರಡು ವರ್ಷ ಹಾಗೇ ಹೇಳಿಕೊಂಡು ಬಂದಿದ್ದ. ಮೂಳೆ ಕೂಡಿತ್ತು, ನೋವೂ ನಿಂತಿತ್ತು, ಶಿರಾದಿಂದ ಆ ಸಾಬ್ರು ಬಂದು ಬಿಚ್ಚಿ ಕೈ ಕಳೆದ, ಎಂದು. ಒಮ್ಮೆ ಆ ಊರಿನವನೊಬ್ಬ ಇದನ್ನು ನನ್ನ ಮೇಜಿನ ಮುಂದೆಯೇ ಅಂದ. ಅನ್ವರ್ ಟೈಪ್ ಮಾಡುತ್ತಿದ್ದವನು ಒಂದು ಕ್ಷಣ ನಿಲ್ಲಿಸಿ, ಮತ್ತೆ ಮುಂದುವರಿಸಿದ. ಆ ಪುಟದಲ್ಲಿ ಏಳು ತಪ್ಪಿದ್ದವು. ಅವನು ತಪ್ಪು ಮಾಡುವವನಲ್ಲ.

ಆ ಸಂಜೆಯೇ ನಾನು ಇದನ್ನು ಬರೆಯತೊಡಗಿದೆ, ಎಡಗೈಯಲ್ಲಿ, ದಿನಕ್ಕೆ ಅರ್ಧ ಪುಟ. ಎಲ್ಲೋ ಒಂದು ಜಗುಲಿಯ ಮೇಲೆ ಈಗಲೂ ಯಾರಾದರೂ ಕಟ್ಟು ಹಾಕಿಸಿಕೊಂಡು ಮಲಗಿರಬಹುದು, ಬೆರಳು ತಣ್ಣಗಾಗುತ್ತಿರಬಹುದು. ಆ ಮನೆಯಲ್ಲಿ ಅಡಕತ್ತರಿ ಇರಬಹುದು. ಮೂಳೆ ಕಟ್ಟುವವನ ಮನೆ ಮುಂದೆ ಇವತ್ತಿಗೂ ಭಾನುವಾರ ಸಾಲು ನಿಲ್ಲುತ್ತದೆ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಅವರ ಹೆಸರಿನ ಜಮೀನನ್ನು ತನ್ನ ಹೆಸರಿಗೆ ಮಾಡಿಸಲು ವೆಂಕಟರವಣಪ್ಪ ಮಧುಗಿರಿಗೆ ಬಂದ, ನನ್ನ ಮೇಜಿಗೇ ಬಂದ. ಹಕ್ಕು ಬಿಡುವ ಸಹಿಗೆಂದು ನಮ್ಮ ಮನೆಯಿಂದ ಲಲಿತಮ್ಮನನ್ನೂ ಕರೆತಂದಿದ್ದ. ಅನ್ವರ್ ಎದ್ದು ಅವನಿಗೆ ಕುರ್ಚಿ ಕೊಟ್ಟ. ಕೆಲಸ ಮುಗಿದ ಮೇಲೆ ನಾನು ಡ್ರಾಯರಿನಿಂದ ಈ ಹಾಳೆಗಳನ್ನು ತೆಗೆದೆ.

"ಇದೇನು ಬಾವ?"

"ನಿನ್ನ ಹೆಸರು ಇದರಲ್ಲಿ ಐತೆ. ಓದಿ ಹೇಳ್ತೀನಿ. ತಪ್ಪಿದ್ರೆ ಹೇಳು."

ಸಹಿ ಬಾರದವರಿಗೆ ಪತ್ರ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಬಾರದು. ಅಲ್ಲಿಯವರೆಗೆ ಬರೆದದ್ದನ್ನು ಪೂರಾ ಓದಿದೆ. ಟವೆಲಿನ ಭಾಗ ಬಂದಾಗ ಅವನು ನೆಲ ನೋಡುತ್ತಿದ್ದ. ಅವನ ಅಮ್ಮ ಬೆರಳು ಮುಟ್ಟಿದ ಭಾಗ ಬಂದಾಗ ಟವೆಲು ತೆಗೆದು ಮುಖ ಒರೆಸಿಕೊಂಡ. ಓದಿ ಮುಗಿಸಿದಾಗ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

"ಎರಡು ಗಂಟು ಹಾಕಿದ್ನಾ?" ಎಂದ.

"ಎರಡು."

"ಮೂರು" ಎಂದಳು ಲಲಿತಮ್ಮ.

"ಸಾಬ್ರು ಬಿಚ್ಚಿ ಕಳೆದ ಅಂತ ನಾನು ಅಂದಿದ್ದೂ ಬರ್ದಿದ್ದೀಯ." ಅವನು ಅನ್ವರ್ ಕಡೆ ನೋಡಲಿಲ್ಲ. "ಅಂದಿದ್ದೇ. ಇರ್ಲಿ ಬುಡು. ಬಿಚ್ಚಿದಾಗ ವಾಸನೆ ಬಂತಲ್ಲ, ಅವತ್ತೇ ಗೊತ್ತಾಯ್ತು ನಂಗೆ. ಎಲ್ಲೊತ್ಲಿ?"

ನಾನು ಬಲ ಮಣಿಕಟ್ಟನ್ನು ಕೆಳಗೆ ಬಗ್ಗಿಸಿದೆ. ಬೆರಳು ತೆರೆದವು. ಅವನ ಎಡ ಹೆಬ್ಬೆರಳನ್ನು ಅದರೊಳಗೆ ಇಟ್ಟುಕೊಂಡು ಮಣಿಕಟ್ಟು ಮೇಲೆತ್ತಿದೆ. ಬೆರಳು ಮುಚ್ಚಿಕೊಂಡವು. ಅವನು ಬೆಚ್ಚಿದ, ಆದರೆ ಎಳೆದುಕೊಳ್ಳಲಿಲ್ಲ. ಪ್ಯಾಡಿಗೆ ಒಯ್ಯುವ ಮೊದಲು ನನ್ನ ಎಡಗೈಯಿಂದ ಅವನ ಉಗುರನ್ನು ಒತ್ತಿದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಬೇಕಾದ್ದಕ್ಕಿಂತ ಹೆಚ್ಚು ಬಲವಾಗಿ. ಬಿಟ್ಟೆ. ಬಿಳಿಯಾಗಿತ್ತು. ಒಂದು. ಎರಡು. ಕೆಂಪಾಯಿತು.

"ಏನ್ ನೋಡ್ತಿದ್ದೀಯ ಬಾವ?"

"ಏನಿಲ್ಲ" ಎಂದು ಪ್ಯಾಡಿನ ಮೇಲೆ ಹೊರಳಿಸಿದೆ.

ಆ ಜಗುಲಿಯ ಮೇಲೆ ನಡೆದದ್ದನ್ನು ಬಲ್ಲ ನನ್ನ ಅತ್ತೆ ನಾಗಮ್ಮ ಈಗಿಲ್ಲ. ಕಂಡವರು, ಇಂದಿಗೂ ಬದುಕಿರುವವರು ಇವರು: ಗುರುವಾರ ಕಟ್ಟು ಕತ್ತರಿಸಿದ ಶಿರಾದ ಅನ್ವರ್ ಪಾಷಾ, ಸಹಿ. ಬುಧವಾರ ಕಾಲು ಹಿಡಿದ ನನ್ನ ಹೆಂಡತಿ ಲಲಿತಮ್ಮ, ಸಹಿ. ಬುಧವಾರ ಮೂರು ಗಂಟು ಹಾಕಿ ನನ್ನ ಕೈ ಕಟ್ಟಿದ ವೆಂಕಟರವಣಪ್ಪ, ಎಡಗೈ ಹೆಬ್ಬೆಟ್ಟಿನ ಗುರುತು.